ಡೈರಿ ಅಕ್ಕನ ಉತ್ತರ: ಬಕೆಟ್ ಸದ್ದು ಕೇಳಿದರೆ ಹಾಲು ಇಳಿಯುತ್ತೆ

ಅವರೆಕಾಯಿ ಸೊಗಡು ಕಡಿಮೆಯಾಗುವ ಹೊತ್ತಿಗೆ ಪ್ರತಿ ವರ್ಷ ಒಂದೇ ಜಾತಿಯ ಪತ್ರಗಳು ಬರುತ್ತವೆ. ಜನವರಿ ಒಂದಕ್ಕೆ ಶುರು ಮಾಡಿದ್ದು ಸಂಕ್ರಾಂತಿಗೆ ನಿಂತುಹೋಯಿತು, ಏನು ಮಾಡಲಿ ಅಕ್ಕಾ ಅಂತ. ಈ ಸಲ ಅಂಥವೇ ಜಾಸ್ತಿ. ಅದರಲ್ಲಿ ಆರನ್ನು ಆರಿಸಿಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ, ಸ್ವಾಮೀಜಿಯೂ ಅಲ್ಲ. ಚಿಂತಾಮಣಿ ತಾಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ 26 ವರ್ಷ ಕಾರ್ಯದರ್ಶಿಯಾಗಿದ್ದವಳು. ದಿನಕ್ಕೆ ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದವಳು. ಯುಗಾದಿಗೂ ರಜೆ ಇಲ್ಲ, ಊರಲ್ಲಿ ಸಾವಾದರೂ ರಜೆ ಇಲ್ಲ. ಹಸುವಿಗೆ ಕ್ಯಾಲೆಂಡರ್ ಗೊತ್ತಾಗಲ್ಲ. ಅಭ್ಯಾಸದ ವಿಷಯ ನನಗೆ ಗೊತ್ತಿರುವುದೆಲ್ಲ ಅಲ್ಲಿಂದ ಬಂದದ್ದು. ನಡುವೆ ಎಲ್ಲಾದರೂ ಪುಸ್ತಕದ ಮಾತು ಬಂದರೆ ಅದು ನನ್ನ ಮಗಳದು. ಅವಳು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಾಳೆ, ನಾನು ಬರೆದದ್ದನ್ನು ಓದಿ ಅಲ್ಲಲ್ಲಿ ಕೆಂಪು ಗೀಟು ಹಾಕುತ್ತಾಳೆ.

*

ಅಕ್ಕಾ, ನನಗೆ 27 ವರ್ಷ. ತುಮಕೂರಿನವನು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಜನವರಿ ಒಂದರಿಂದ 21 ದಿನದ ಚಾಲೆಂಜ್ ತೆಗೆದುಕೊಂಡಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ಅಮಾನಿಕೆರೆ ಹತ್ತಿರ ಓಡುವುದು, ಅರ್ಧ ಗಂಟೆ ಪುಸ್ತಕ ಓದುವುದು, ಸಿಹಿ ಬಿಡುವುದು. ಎಂಟು ದಿನ ನಡೆಯಿತು. ಒಂಬತ್ತನೇ ದಿನ ಗುಬ್ಬಿಯಲ್ಲಿ ಅಜ್ಜಿಯ ತಿಥಿ. ಹೋಳಿಗೆ ತಿಂದೆ, ರಾತ್ರಿ ಅಲ್ಲೇ ಉಳಿದೆ. ಅಲ್ಲಿಗೆ ಎಲ್ಲ ಮುಗಿಯಿತು. ಇದು ನಾಲ್ಕನೇ ವರ್ಷ ಹೀಗೆ ಆಗುತ್ತಿರುವುದು. ನನಗೆ ವಿಲ್ ಪವರ್ ಇಲ್ಲ ಅನ್ನಿಸಿಬಿಟ್ಟಿದೆ. ಅದನ್ನು ಬೆಳೆಸಿಕೊಳ್ಳುವುದು ಹೇಗೆ?

ಮೊದಲು ಆ 21ರ ಕಥೆ ಮುಗಿಸೋಣ ತಮ್ಮಾ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು ಸರಿ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಹಿಡಿಯುತ್ತದೆ ಅಂತ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಅಂದರೂ' ಅನ್ನುವುದು ಬಿದ್ದುಹೋಯಿತು. ಮೂಗೂ ಬಿದ್ದುಹೋಯಿತು. 21 ಮಾತ್ರ ಉಳಿಯಿತು. ಓಟಕ್ಕೂ ಅದೇ, ಓದಿಗೂ ಅದೇ, ಹೋಳಿಗೆ ಬಿಡುವುದಕ್ಕೂ ಅದೇ.

ನಿಜವಾಗಿ ಲೆಕ್ಕ ಹಾಕಿ ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು. ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರ ಅಧ್ಯಯನ 2009ರಲ್ಲಿ ಹೊರಬಂತು. 96 ಜನರಿಗೆ ದಿನಕ್ಕೊಂದು ಹೊಸ ಕೆಲಸ ಆರಿಸಿಕೊಳ್ಳಿ ಅಂದರು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮುಂಚೆ 15 ನಿಮಿಷ ಓಟ, ಹೀಗೆ. 12 ವಾರ ನೋಡಿದರು. ಯೋಚನೆ ಮಾಡದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಆದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಬ್ಬರಿಗೆ 18 ದಿನ ಸಾಕಾಯಿತು. ಇನ್ನೊಬ್ಬರಿಗೆ, ಅವರು ಹೋಗುತ್ತಿದ್ದ ವೇಗ ನೋಡಿದರೆ, 254 ದಿನ ಬೇಕು ಅಂತ ಲೆಕ್ಕ ಬಂತು. ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ನಿಮಗೆ ಬೇಕಾದ ಸಾಲು ಇದಾದ ಮೇಲೆ ಬರುತ್ತದೆ: ನಡುವೆ ಒಂದು ದಿನ ತಪ್ಪಿಸಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಅಜ್ಜಿಯ ತಿಥಿ ಏನನ್ನೂ ಕೆಡಿಸಿರಲಿಲ್ಲ ತಮ್ಮಾ. ಹತ್ತನೇ ದಿನ ನೀವು ಎದ್ದಿದ್ದರೆ ಆಗುತ್ತಿತ್ತು.

ಈಗ ವಿಲ್ ಪವರ್ ಮಾತು. ನೀವು ಹಾಲು ಕರೆಯುವುದನ್ನು ನೋಡಿದ್ದೀರೋ ಇಲ್ಲವೋ. ಹಸುವಿನ ಕೆಚ್ಚಲು ನಲ್ಲಿ ಅಲ್ಲ, ತಿರುಗಿಸಿದ ತಕ್ಷಣ ಬರುವುದಕ್ಕೆ. ಅದು ಸೊರ ಬಿಡಬೇಕು, ಅಂದರೆ ಹಾಲನ್ನು ತಾನೇ ಕೆಳಗೆ ಇಳಿಸಬೇಕು. ಕರು ಬಾಯಿ ಹಾಕಿದರೆ, ಕೆಚ್ಚಲು ತೊಳೆದು ನೀವಿದರೆ, ಮಿದುಳಿನಿಂದ ಒಂದು ಹಾರ್ಮೋನು ಹೊರಟು ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಆದರೆ ದಿನಾ ಅದೇ ಹೊತ್ತಿಗೆ ಕರೆಯುವ ಮನೆಯಲ್ಲಿ ಇಷ್ಟೂ ಬೇಕಾಗಲ್ಲ. ಬೂಸಾ ಬಕೆಟ್ ಸದ್ದಾದರೆ ಸಾಕು, ಕೈ ಹಾಕುವ ಮೊದಲೇ ಮೊಲೆ ತೊಟ್ಟಿಕ್ಕುತ್ತಿರುತ್ತದೆ. ಹಸು ಮನಸ್ಸು ಗಟ್ಟಿ ಮಾಡಿಕೊಂಡು ಹಾಲು ಕೊಡುತ್ತಿದೆಯಾ? ಇಲ್ಲ. ಸದ್ದಿಗೆ ಕೊಡುತ್ತಿದೆ.

ಇನ್ನೊಂದು ಇದೆ. ಅದೇ ಹಸುವಿಗೆ ಬೈಯಿರಿ, ಎರಡು ಏಟು ಹಾಕಿ, ಇಲ್ಲವೇ ನಾಯಿ ಬೊಗಳಿ ಹೆದರಿಸಲಿ. ಹಾಲು ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ಎಷ್ಟು ಹಿಂಡಿದರೂ ಬರಲ್ಲ. ನಿಮ್ಮ ಪತ್ರದ ಅರ್ಧ ಭಾಗ ನಿಮಗೆ ನೀವೇ ಹಾಕಿಕೊಂಡ ಏಟು. ಅದನ್ನು ಮೊದಲು ನಿಲ್ಲಿಸಿ.

ನೀವು ಒಟ್ಟಿಗೆ ನಾಲ್ಕು ಹಸು ಕಟ್ಟಿದಿರಿ, ಸದ್ದು ಮಾತ್ರ ಒಂದಕ್ಕೂ ಇಲ್ಲ. ಬೆಳಿಗ್ಗೆ ಐದು ಗಂಟೆ ಅನ್ನುವುದು ಮೊಬೈಲಿನ ಸದ್ದು, ಅದನ್ನು ಬೆರಳಿನಿಂದ ಅಮುಕಬಹುದು. ನಿಮ್ಮ ಊರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಬೆಳಿಗ್ಗೆ ಸಂಜೆ ಸಾಲಾಗಿ ಪ್ರಾರ್ಥನೆಗೆ ಕೂರುತ್ತಾರಲ್ವಾ? ಅಷ್ಟೂ ಮಕ್ಕಳಿಗೆ ಹುಟ್ಟಿನಿಂದ ಶಿಸ್ತು ಬಂದಿದೆಯೇನು? ಪಕ್ಕದ ಹುಡುಗ ಎದ್ದ, ಅದಕ್ಕೆ ಇವನೂ ಎದ್ದ. ರಜೆಗೆ ಊರಿಗೆ ಹೋದಾಗ ಅವೇ ಮಕ್ಕಳು ಎಂಟಕ್ಕೆ ಏಳುತ್ತಾವೆ, ಬೇಕಾದರೆ ಅವರ ಅಮ್ಮಂದಿರನ್ನು ಕೇಳಿ.

ಹಾಗಾಗಿ ಮೂರು ಹಸು ಬಿಚ್ಚಿ ಕಳಿಸಿ. ಒಂದನ್ನೇ ಇಟ್ಟುಕೊಳ್ಳಿ, ಓದುವುದು. ಅದಕ್ಕೆ ಬೇಕಾದ ಸದ್ದು ನಿಮ್ಮ ಹತ್ತಿರ ಆಗಲೇ ಇದೆ, ಅದೂ ಎಂಥ ಸದ್ದು, ರೈಲು! ಕ್ಯಾತ್ಸಂದ್ರ ಬಿಟ್ಟ ತಕ್ಷಣ ಪುಸ್ತಕ ತೆಗೆಯಿರಿ. ಹಿರೇಹಳ್ಳಿ ಬರುವ ತನಕ ಓದಿ. ಎರಡು ಪುಟ ಆಗುತ್ತದೋ ಏನೋ, ಅಷ್ಟೇ. ಹಿರೇಹಳ್ಳಿಯಲ್ಲಿ ಮುಚ್ಚಿಟ್ಟು ಬೇಕಾದರೆ ಫೋನ್ ನೋಡಿ, ನಿದ್ದೆ ಮಾಡಿ, ಜೊತೆಯವರ ಹತ್ತಿರ ಹರಟಿ. ಸೀಟು ಸಿಗದ ದಿನ ಏನು ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಿ. ಸೀಟು ಸಿಗದಿದ್ದರೆ ಬಾಗಿಲ ಹತ್ತಿರ ಅಲ್ಲ, ಒಳಗೆ ಒರಗಿ ನಿಂತು ಒಂದೇ ಪುಟ. ಪುಸ್ತಕ ಚಿಕ್ಕದಿರಲಿ, ಬ್ಯಾಗಿನ ಮೇಲಿನ ಜಿಪ್ಪಿನಲ್ಲಿರಲಿ, ಟಿಫನ್ ಬಾಕ್ಸಿನ ಕೆಳಗೆ ಬೇಡ. ಹಿರೇಹಳ್ಳಿ ದಾಟಿದ್ದೇ ಗೊತ್ತಾಗದೆ ಓದುತ್ತಾ ಕೂತ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ. ಆಮೇಲೆ ಓಟದ ಮಾತು.

*

ನಾವು ಶಿಡ್ಲಘಟ್ಟ ತಾಲೂಕಿನವರು, ರೇಷ್ಮೆ ಹುಳು ಸಾಕುತ್ತೇವೆ. ನನಗೆ 46. ಶುಗರ್ ಬಂದು ಎರಡು ವರ್ಷ. ಮಾತ್ರೆ ತೆಗೆದುಕೊಳ್ಳುತ್ತೇನೆ. ಡಾಕ್ಟರ್ ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ. ಹುಳು ಇಲ್ಲದಾಗ ಹೇಗೋ ನಡೆಯುತ್ತೇನೆ. ಹುಳು ದೊಡ್ಡದಾದ ಮೇಲೆ ಊಟ ಮಾಡುವುದಕ್ಕೂ ಪುರುಸೊತ್ತು ಇರಲ್ಲ, ನಿಂತುಹೋಗುತ್ತದೆ. ಆಮೇಲೆ ಮತ್ತೆ ಶುರು ಮಾಡುವುದಕ್ಕೆ ಮನಸ್ಸೇ ಬರಲ್ಲ. ಅತ್ತೆ ಬೇರೆ, ದಿನವಿಡೀ ನಡೀತಾನೇ ಇದ್ದೀಯಲ್ಲ, ಇನ್ಯಾವ ವಾಕಿಂಗು ಅಂತಾರೆ. ರಸ್ತೆಯಲ್ಲಿ ಸುಮ್ನೆ ನಡೆದರೆ ಊರವರು ನಗುತ್ತಾರೆ ಅಕ್ಕಾ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ ತಾಯಿ. ಬೆಳಿಗ್ಗೆ ಪಾರ್ಕಿಗೆ ಹೋಗಿ ಅಂತ ಬರೆಯುವವರು ಯಾರೂ ಹುಳು ಮನೆ ನೋಡಿದವರಲ್ಲ.

ಅತ್ತೆಯ ಮಾತು ಅರ್ಧ ಸರಿ. ನೀವು ಕೂತು ತಿನ್ನುವವರಲ್ಲ. ಆದರೆ ಶುಗರ್ ವಿಷಯದಲ್ಲಿ ಎಷ್ಟು ನಡೆದಿರಿ ಅನ್ನುವಷ್ಟೇ ಯಾವಾಗ ನಡೆದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆಯ 41 ಜನರನ್ನು ನೋಡಿದರು. ದಿನಕ್ಕೆ ಒಂದೇ ಸಲ ಅರ್ಧ ಗಂಟೆ ನಡೆದದ್ದಕ್ಕಿಂತ ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ಮೇಲೆ ಏರುವ ಸಕ್ಕರೆ ಸರಾಸರಿ ಶೇಕಡ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರದ ಲೆಕ್ಕದಲ್ಲಿ ಶೇಕಡ 22. 2016ರ ಅಧ್ಯಯನ ಅದು. ಮುದ್ದೆ ಉಂಡು ಕೈ ತೊಳೆದು ಹತ್ತು ನಿಮಿಷ. ನಿಮ್ಮ ಡಾಕ್ಟರ್ ಹೇಳಿದ ಅರ್ಧ ಗಂಟೆಯನ್ನೇ ಮೂರು ತುಂಡು ಮಾಡಿದ ಹಾಗಾಯಿತು. ಅವರಿಗೂ ಒಂದು ಮಾತು ತಿಳಿಸಿ.

ನಿಮ್ಮ ಬಕೆಟ್ ಸದ್ದು ಇಲ್ಲಿ ತಟ್ಟೆ ತೊಳೆಯುವ ಸದ್ದು. ಗಂಟೆ ನೋಡುವ ಕೆಲಸವೇ ಇಲ್ಲ. ಹುಳುವಿನವರ ಮನೆಯಲ್ಲಿ ಊಟ ಮೂರಕ್ಕಾದರೂ ಆಗಬಹುದು, ತಟ್ಟೆ ತೊಳೆಯುವುದಂತೂ ತಪ್ಪಲ್ಲ.

ಈಗ ದೊಡ್ಡ ಹುಳುವಿನ ವಾರ. ನಾಲ್ಕನೇ ಜ್ವರ (ಹುಳು ಸೊಪ್ಪು ತಿನ್ನದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ) ಎದ್ದ ಮೇಲೆ ಏಳೆಂಟು ದಿನ ಏನಾಗುತ್ತದೆ ಅಂತ ನನಗೆ ಹೇಳಬೇಕಿಲ್ಲ, ನನ್ನ ತವರಿನಲ್ಲೂ ಹುಳು ಇತ್ತು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಆ ಒಂದೇ ವಾರದಲ್ಲಿ ತಿನ್ನುತ್ತವೆ. ಮಳೆ ಬಂದ ಹಾಗೆ ಸರಸರ ಸದ್ದು. ಆ ವಾರಕ್ಕೆ ನಿಮಗೆ ಬೇರೆ ಕಾನೂನು. ಆಗ ಹತ್ತು ನಿಮಿಷ ಬೇಡ. ತಟ್ಟೆ ತೊಳೆದು ಹುಳು ಮನೆ ಸುತ್ತ ಮೂರು ಸುತ್ತು, ಮುಗಿಯಿತು. ಎರಡು ನಿಮಿಷದಿಂದ ಶುಗರ್ ಇಳಿಯುತ್ತದಾ ಅಂತ ಕೇಳಬೇಡಿ, ಅದು ಶುಗರಿಗಲ್ಲ. ಗೂಡು ಕಟ್ಟಿದ ಮೇಲೆ 'ಮತ್ತೆ ಶುರು ಮಾಡಬೇಕು' ಅನ್ನುವ ಮಾತು ಬರದೆ ಇರಲಿ ಅಂತ. ನಿಂತ ಗಾಡಿಯನ್ನು ತಳ್ಳುವುದು ಕಷ್ಟ, ಉರುಳುತ್ತಿರುವುದನ್ನು ತಳ್ಳುವುದು ಸುಲಭ. ಇನ್ನು ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಹಾಗೇ ಇಲ್ಲವಲ್ಲ, ಅವತ್ತು ಹತ್ತು ನಿಮಿಷ ನಿಮಗೆ ಸೇರಿದ್ದು. ಹುಳುವೇ ರಜೆ ಕೊಟ್ಟಿದೆ.

ಒಂದು ಎಚ್ಚರಿಕೆ. ಹುಳು ಮನೆಗೆ ಚಪ್ಪಲಿ ಬಿಟ್ಟು ಹೋಗುವ ಪದ್ಧತಿ ನಮ್ಮದು. ಶುಗರ್ ಇರುವವರ ಕಾಲಿಗೆ ಮುಳ್ಳೋ ರೆಂಬೆ ಚೂರೋ ಚುಚ್ಚಿದರೆ ಗೊತ್ತೇ ಆಗಲ್ಲ, ಹುಣ್ಣಾದ ಮೇಲೆ ಗೊತ್ತಾಗುವುದು. ಒಳಗಡೆಗೆ ಅಂತಲೇ ಒಂದು ಜೊತೆ ತೊಳೆದ ಚಪ್ಪಲಿ ಇಟ್ಟುಕೊಳ್ಳಿ. ರಾತ್ರಿ ಮಲಗುವಾಗ ಅಂಗಾಲು ನೋಡಿಕೊಳ್ಳಿ. ನಡೆಯುವಾಗ ಕೈ ನಡುಗಿ ಬೆವರು ಬಂದರೆ ಕೂತು ಒಂದು ಚೂರು ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಡಾಕ್ಟರಿಗೆ ಹೇಳಿ.

ಊರವರ ನಗೆಗೆ ನನ್ನ ಹತ್ತಿರ ಹಳೆಯ ಔಷಧಿ ಇದೆ. ಕೈಯಲ್ಲಿ ಕುಡುಗೋಲು ಹಿಡಿದುಕೊಳ್ಳಿ. ಕುಡುಗೋಲು ಹಿಡಿದು ನಡೆಯುವ ಹೆಂಗಸನ್ನು ನಮ್ಮ ಕಡೆ ಯಾರೂ ಎಲ್ಲಿಗೆ ಅಂತ ಕೇಳಲ್ಲ. ಸೊಪ್ಪಿಗೆ ಹೋಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ರಾತ್ರಿ ಊಟದ ಮೇಲೆ ಮಾತ್ರ ಕುಡುಗೋಲು ಬೇಡ, ಟಾರ್ಚ್ ಸಾಕು. ಅತ್ತೆಯನ್ನೂ ಕರೆಯಿರಿ. ಸೊಸೆ ಕರೆದರೆ ಬರುತ್ತಾರೆ, ಡಾಕ್ಟರ್ ಕರೆದರೆ ಬರಲ್ಲ.

*

ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಹಮಾಲಿ. ಹದಿನೈದು ವರ್ಷದಿಂದ ಗುಟ್ಕಾ. ಈಗ ಪಾನ್ ಮಸಾಲ ಬೇರೆ, ತಂಬಾಕು ಬೇರೆ ಪ್ಯಾಕೆಟ್ ತೆಗೆದುಕೊಂಡು ಬೆರೆಸಿ ಹಾಕುತ್ತೇನೆ. ಬಿಡಬೇಕು ಅಂತ ಮೂರು ಸಲ ಪ್ರಯತ್ನ ಪಟ್ಟೆ. ಬಾಕ್ಸ್ ಎತ್ತುವ ಮೊದಲು ಒಂದು ಹಾಕದಿದ್ದರೆ ಕೈ ಓಡಲ್ಲ. ಇತ್ತೀಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ.

ಅಣ್ಣಾ, ನಿಮ್ಮ ಕೊನೆಯ ಸಾಲಿಗೆ ಮೊದಲ ಉತ್ತರ. ಬಾಯಿ ಉರಿ ಅಂದರೆ ಸುಮ್ಮನಿರಬೇಡಿ. ಬಾಯಿ ಪೂರ್ತಿ ತೆರೆದು ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗುತ್ತವಾ ನೋಡಿ. ಹೋದರೂ ಹೋಗದಿದ್ದರೂ ಈ ವಾರವೇ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಡಿಕೆ, ತಂಬಾಕಿನಿಂದ ಬಾಯೊಳಗಿನ ಚರ್ಮ ಬಿಗಿಯುತ್ತಾ ಹೋಗುವ ಕಾಯಿಲೆ ಇದೆ. ಬೇಗ ನೋಡಿಸಿದಷ್ಟು ಒಳ್ಳೆಯದು.

ಗುಟ್ಕಾಕ್ಕೆ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಬಂತು. ಎರಡು ಪ್ಯಾಕೆಟ್ ಮಾಡಿ ಮಾರಿದರು, ನೀವು ಕೈಯಲ್ಲಿ ಬೆರೆಸಿದಿರಿ. ಸಿನಿಮಾ ಕಥೆ ಇದ್ದ ಹಾಗಿದೆ.

ಓದುವ ಹುಡುಗನಿಗೆ ಸದ್ದು ಹುಡುಕಿಕೊಟ್ಟೆ. ನಿಮಗೆ ಅದರ ಉಲ್ಟಾ, ಇರುವ ಸದ್ದನ್ನು ನಿಲ್ಲಿಸಬೇಕು. 15 ಕೆಜಿ ಬಾಕ್ಸು ನಿಮ್ಮ ಬಕೆಟ್. ಲಾರಿ ಬಂತು, ಕೈ ಜೇಬಿಗೆ ಹೋಯಿತು. ಬಾಕ್ಸ್ ಬಿಡುವ ಹಾಗಿಲ್ಲ, ಅದು ಅನ್ನ. ಆದರೆ ಜೇಬು ಬದಲಾಯಿಸಬಹುದು. ಪ್ಯಾಕೆಟ್ ಇಡುವ ಜೇಬಿನಲ್ಲೇ ಹುರಿಗಡಲೆ, ನಾಲ್ಕು ಲವಂಗ ಇಟ್ಟುಕೊಳ್ಳಿ. ಕೈ ಹೋಗುವ ಕಡೆ ಹೋಗಲಿ, ಸಿಗುವುದು ಬೇರೆ ಇರಲಿ. ಟೀ ಅಂಗಡಿ ಬದಲಿಸಿ, ಪ್ಯಾಕೆಟ್ ಸರ ನೇತು ಹಾಕಿರದ ಕಡೆ ಕುಡಿಯಿರಿ. ಬೇಕೇ ಬೇಕು ಅನ್ನಿಸುವುದು ಜೋರಾಗಿ ಇರುವುದು ಕೆಲವೇ ನಿಮಿಷ, ಅಷ್ಟರಲ್ಲಿ ಎರಡು ಬಾಕ್ಸ್ ಇಳಿಸಿರುತ್ತೀರಿ. ಮೊದಲ ವಾರ ತಲೆನೋವು, ಸಿಡುಕು ಇರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ತಂಬಾಕು ಬಿಡುವವರಿಗೆ ಅಂತ ಕೇಂದ್ರ ಸರ್ಕಾರದ ಉಚಿತ ಫೋನ್ ಇದೆ, 1800-11-2356. ಆ ನಂಬರು ನಿಮ್ಮ ತಂಬಾಕು ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ. ಹದಿನೈದು ವರ್ಷ ಹರಿದು ಬಿಸಾಕಿದ್ದೀರಿ, ಒಂದು ಸಲ ಓದಿ.

ಮೂರು ಸಲ ಬಿಟ್ಟೆ ಅಂದಿರಲ್ಲ, ಅದು ಸೋಲಲ್ಲ. ಪ್ರತಿ ಸಲ ಯಾವ ಹೊತ್ತಿಗೆ, ಯಾರ ಜೊತೆ ಇದ್ದಾಗ ಮತ್ತೆ ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ. ಮೂರರಲ್ಲಿ ಎರಡು ಒಂದೇ ಜಾಗ ಇರುತ್ತದೆ ಅಂತ ನನ್ನ ಅಂದಾಜು.

*

ಮೇಡಂ, ಗೌರಿಬಿದನೂರಿನಿಂದ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ದಿನಾ ಒಂದೇ ಹೊತ್ತಿಗೆ ಕೂತು ಓದುವ ಅಭ್ಯಾಸವೇ ಇಲ್ಲ. ಯಾವಾಗ ನೋಡಿದರೂ ಫೋನ್. ನಾನು ಎಷ್ಟು ಬೈದರೂ ಕೇಳಲ್ಲ.

ಬೈದರೆ ಹಾಲು ಮೇಲಕ್ಕೆ ಹೋಗುತ್ತದೆ ಅಂತ ಮೇಲೆ ಬರೆದಿದ್ದೇನೆ, ಓದಿ. ಇನ್ನೊಂದು. ಸಂಜೆ ಏಳರಿಂದ ಎಂಟೂವರೆ ತನಕ ನಿಮ್ಮ ಫೋನ್ ಎಲ್ಲಿರುತ್ತದೆ ಸಾರ್? ಮನೆಯವರೆಲ್ಲರ ಫೋನೂ ಆ ಒಂದೂವರೆ ಗಂಟೆ ದೇವರ ಗೂಡಿನ ಪಕ್ಕ ಇರಲಿ, ನಿಮ್ಮದೇ ಮೊದಲು ಹೋಗಲಿ. ಟೀವಿಯೂ ಬೇಡ. ನೀವು ಅವಳ ಎದುರು ಪೇಪರ್ ಹಿಡಿದು ಕೂರಿ. ಹದಿನೈದು ದಿನ ಆದ ಮೇಲೆ ಬರೆಯಿರಿ. ಯಾರು ಮೊದಲು ಎದ್ದು ಫೋನ್ ಮುಟ್ಟಿದರು ಅನ್ನುವುದನ್ನೂ ಬರೆಯಿರಿ, ನಾನು ಯಾರಿಗೂ ಹೇಳಲ್ಲ.

*

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಒಂದು ವರ್ಷ ಆಯಿತು ಅಕ್ಕಾ. ಊರು ಮಾಲೂರಿನ ಹತ್ತಿರ. ಸಂಬಳ ಬಂದಾಗ ಈ ಸಲ ಉಳಿಸಲೇಬೇಕು ಅಂದುಕೊಳ್ಳುತ್ತೇನೆ. ತಿಂಗಳ ಕೊನೆಗೆ ಏನೂ ಇರಲ್ಲ. ಎಲ್ಲಿ ಹೋಯಿತು ಅಂತಲೂ ಗೊತ್ತಾಗಲ್ಲ.

ತಿಂಗಳ ಕೊನೆಗೆ ಯಾರ ಹತ್ತಿರವೂ ಇರಲ್ಲ ಮಗಳೇ. ಕೊನೆಗೆ ಉಳಿದದ್ದನ್ನು ಇಡುತ್ತೇನೆ ಅನ್ನುವುದು 'ರೇಪು ಚೂದ್ದಾಂ' ಅಂದ ಹಾಗೆ. ನಮ್ಮ ಕಡೆ ಅರ್ಧ ತೆಲುಗು, ನಿಮಗೆ ಅರ್ಥವಾಗುತ್ತದೆ. ನಾಳೆ ನೋಡೋಣ ಅಂದ ನಾಳೆ ಬಂದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಡೈರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಒಬ್ಬ ಮುದುಕಿ ಬರುತ್ತಿದ್ದಳು, ಒಂದೇ ಹಸು. ಹಣ ಎಣಿಸಿ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. "ಸಂಘದ ಕಂತು ಹಿಡ್ಕೊಂಡು ಮಿಕ್ಕಿದ್ದು ಕೊಡವ್ವ. ನನ್ನ ಕೈಗೆ ಬಂದರೆ ಮೊಮ್ಮಕ್ಕಳಿಗೆ ಗೊತ್ತಾಗ್ತದೆ" ಅನ್ನುತ್ತಿದ್ದಳು. ಓದು ಬರಹ ಇಲ್ಲ. ಬ್ಯಾಂಕಿನವರು ಈಗ ದೊಡ್ಡ ಬೋರ್ಡು ಹಾಕಿ ಹೇಳುವುದನ್ನು ಅವಳು ಆಗಲೇ ಮಾಡುತ್ತಿದ್ದಳು. ಕೈಗೆ ಬರುವ ಮೊದಲೇ ಹೋಗಬೇಕು, ಅಷ್ಟೇ ಗುಟ್ಟು.

ಸಂಬಳ ಬೀಳುವ ಬ್ಯಾಂಕಿನಲ್ಲಿ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಖಾತೆ, ತೆರೆಯಿರಿ. ಸಂಬಳ ಬಂದ ಮರುದಿನ ತಾನಾಗಿ ಕಡಿತ ಆಗುವ ಹಾಗೆ ಬರೆದುಕೊಡಿ. ಪೋಸ್ಟ್ ಆಫೀಸಿನಲ್ಲೂ ಇದೆ, ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷದ್ದು. ಮೊದಲ ಸಲವೇ ಐದು ಸಾವಿರ ಅಂತ ಬರೆಸಬೇಡಿ, ಮೂರನೇ ತಿಂಗಳಿಗೆ ಮುರಿಯುತ್ತೀರಿ. ಕಡಿತವಾದದ್ದೇ ನೆನಪಿಗೆ ಬರದಷ್ಟು ಸಣ್ಣದಿರಲಿ. ಸಂಬಳ ಏರಿದಾಗ ಏರಿಸಿದರಾಯಿತು. ಮತ್ತೆ, ಯಾರೋ ಪರಿಚಯದವರು ನಡೆಸುತ್ತಾರೆ ಅಂತ ನೋಂದಣಿ ಇಲ್ಲದ ಚೀಟಿಗೆ ಹಾಕಬೇಡಿ. ನಾನು ಒಂದು ಸಲ ಹಾಕಿದ್ದೆ. ಆ ಕಥೆ ಇನ್ನೊಂದು ದಿನ.

*

ಕಾರ್ಯದರ್ಶಿ ಅಕ್ಕಾ, ನಾನು ಯಾರು ಅಂತ ಗೊತ್ತಾಗುತ್ತದೆ, ನಂಬರ್ 43. ನೀವು 26 ವರ್ಷ ಒಂದು ದಿನವೂ ಡೈರಿ ಬಾಗಿಲು ತಡ ಮಾಡಿ ತೆಗೆದವರಲ್ಲ. ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ಈಗಲೂ ಐದಕ್ಕೆ ಏಳುತ್ತೀರಾ? ನಿಜ ಹೇಳಿ.

ಗೊತ್ತಾಯಿತು, ನಮ್ಮ ಡೈರಿ ಪುಸ್ತಕದ ನಂಬರ್ 43. ಹಾಲಿಗೆ ನೀರು ಹಾಕದವರಲ್ಲಿ ಒಬ್ಬಳು.

ನಿಜ ಹೇಳುತ್ತೇನೆ. ನಿವೃತ್ತಿಯ ದಿನ ಶಾಲು ಹೊದಿಸಿ, ಏನು ಶಿಸ್ತು, ಏನು ಶಿಸ್ತು ಅಂತ ಭಾಷಣ ಮಾಡಿದಿರಲ್ಲ, ನಾನೂ ನಂಬಿಬಿಟ್ಟೆ. ಮರುದಿನ ಐದಕ್ಕೆ ಎಚ್ಚರವಾಯಿತು. ಎದ್ದು ಸೀರೆ ಸರಿ ಮಾಡಿಕೊಂಡು ಮೊಳೆಯ ಹತ್ತಿರ ಹೋದೆ, ಬೀಗದ ಕೈಗೆ ಅಂತ. ಬರಿ ಮೊಳೆ ಇತ್ತು. ಬೀಗದ ಕೈಯನ್ನು ಹಿಂದಿನ ದಿನವೇ ನನ್ನ ಜಾಗಕ್ಕೆ ಬಂದ ಆ ಹುಡುಗಿಗೆ ಕೊಟ್ಟಾಗಿತ್ತಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಎರಡು ವಾರ ಐದಕ್ಕೇ ಎಚ್ಚರ. ಆಮೇಲೆ ಐದೂವರೆ. ಆಮೇಲೆ ಆರೂವರೆ. ಎರಡು ತಿಂಗಳಿಗೆ ಏಳು ಗಂಟೆಗೆ ಎದ್ದು, ಕಾಫಿ ಕುಡಿದು, ಮತ್ತೆ ಒರಗುತ್ತಿದ್ದೆ. ತೂಕ ಜಾಸ್ತಿಯಾಯಿತು. ಮಂಡಿ ಹಿಡಿಯಿತು. 26 ವರ್ಷದ ಶಿಸ್ತು ಎರಡು ತಿಂಗಳಲ್ಲಿ ಎಲ್ಲಿ ಹೋಯಿತು ಅಂತ ನನಗೇ ನಾಚಿಕೆ.

ಮಗಳು ಬಂದವಳು ನಕ್ಕಳು. "ಅಮ್ಮಾ, ಅದು ನಿನ್ನ ಶಿಸ್ತಲ್ಲ, ಹಾಲಿನ ವ್ಯಾನಿನ ಹಾರನ್ ಶಿಸ್ತು" ಅಂದಳು. ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಆಮೇಲೆ ಯೋಚಿಸಿದೆ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಮೂವತ್ತು ಜನ ಪಾತ್ರೆ ಹಿಡಿದು ನಿಂತಿರುತ್ತಿದ್ದಿರಿ. ಏಳಕ್ಕೆ ವ್ಯಾನ್ ಬಂದರೆ ಕ್ಯಾನ್ ತುಂಬಿರಬೇಕು. ಒಂದು ದಿನ ತಡವಾದರೆ ಊರಿನ ಹಾಲೆಲ್ಲ ಒಡೆದ ಹಾಗೆ. ನೀವು ಎಬ್ಬಿಸಿದಿರಿ, ನಾನು ಎದ್ದೆ. ಶಾಲು ನಿಮಗೆ ಹೊದಿಸಬೇಕಿತ್ತು.

ಹಾಗಾಗಿ ಈಗ ಮಾಡುತ್ತಿರುವುದು ಇಷ್ಟು. ಮನೆಗೆ ಹಾಲು ತಂದುಕೊಡುತ್ತಿದ್ದ ಹುಡುಗನಿಗೆ ಬೇಡ ಅಂದೆ. ಚೊಂಬು ಹಿಡಿದು ನಾನೇ ಡೈರಿಗೆ ಹೋಗುತ್ತೇನೆ. ಹೋಗಿ ಬರಲು ಒಂದೂವರೆ ಕಿಲೋಮೀಟರ್. ಹೋಗದಿದ್ದರೆ ಕಾಫಿಗೆ ಹಾಲಿಲ್ಲ. ಐದಕ್ಕೆ ಏಳಲ್ಲ, ಐದೂಮುಕ್ಕಾಲು. ಅದಕ್ಕಿಂತ ಮುಂಚೆ ಯಾಕೆ ಬೇಕು, ಅಲ್ವಾ?

ಮೊನ್ನೆ ಮಂಗಳವಾರ ಹೋಗಲಿಲ್ಲ. ಮಂಜು ಕವಿದು ಎದುರಿನ ಬೇವಿನ ಮರ ಕಾಣುತ್ತಿರಲಿಲ್ಲ, ಮಂಡಿ ಬೇರೆ ಜೋರು. ಬರಿ ಕಾಫಿ ಕುಡಿದೆ, ಡಿಕಾಕ್ಷನ್ನಿಗೆ ಬೆಲ್ಲ ಹಾಕಿ. ಬುಧವಾರ ಹೋದೆ. ಆ ಹುಡುಗಿ ಮಷೀನಿನಿಂದ ತಲೆ ಎತ್ತಲಿಲ್ಲ, "ನಿನ್ನೆ ಯಾಕಕ್ಕಾ ಬರಲಿಲ್ಲ?" ಅಂದಳು. ನಾನು 26 ವರ್ಷ ನಿಮ್ಮೆಲ್ಲರನ್ನೂ ಕೇಳುತ್ತಿದ್ದ ಮಾತು.

ಅರ್ಧ ಲೀಟರ್ ಹಾಕಮ್ಮಾ ಅಂದು ಚೊಂಬು ಮುಂದಿಟ್ಟೆ.